ಮಾವನವರು ಮೂಸಿ ನೋಡಿದ ತೊಲೆ

ನನ್ನ ಮಾವನವರು ನನ್ನನ್ನು ಸೊಸೆಯಾಗಿ ಒಪ್ಪಿಕೊಂಡದ್ದು ನನ್ನ ಮುಖ ನೋಡಿ ಅಲ್ಲ, ನಾನು ಕುಳಿತಿದ್ದ ಮಣೆ ನೋಡಿ! ಸುಳ್ಳೆನ್ನುವವರು ಗಜೇಂದ್ರಗಡದ ನನ್ನ ಸೋದರತ್ತೆಯನ್ನು ಕೇಳಬಹುದಿತ್ತು. ಆಕೆ ಈಗಿಲ್ಲ. ಹೀಗಾಗಿ ನನ್ನ ಮಾತನ್ನೇ ನಂಬಬೇಕು.

ಕನ್ಯೆ ನೋಡಲು ನರಗುಂದದಿಂದ ನಾಲ್ಕು ಜನ ಬಂದಿದ್ದರು. ನಾನು ತಾಯಿಯಿಲ್ಲದ ಹುಡುಗಿ. ಸೋದರತ್ತೆಯೇ ಇಳಕಲ್ಲ ಸೀರೆ ಉಡಿಸಿ, ಹೂ ಮುಡಿಸಿ, ತಂದು ಮಣೆಯ ಮೇಲೆ ಕೂಡ್ರಿಸಿದಳು. ಉಳಿದ ಮೂವರು ಅಡುಗೆ ಬರುತ್ತದೆಯೇ, ಎಷ್ಟನೆಯ ಇಯತ್ತೆ ಓದಿದ್ದು, ಹಾಡು ಬರುತ್ತದೆಯೇ ಎಂದು ಕೇಳುವುದನ್ನೆಲ್ಲ ಕೇಳಿದರು. ಹುಡುಗನ ತಂದೆ ಮಾತ್ರ ಕಣ್ಣೆತ್ತಲಿಲ್ಲ. ದೃಷ್ಟಿ ನೆಲದ ಮೇಲೇ ನೆಟ್ಟಿತ್ತು. ಎಂಥ ಸಂಕೋಚದ ಮನುಷ್ಯ ಎಂದು ನಮ್ಮವರು ಮನಸ್ಸಿನಲ್ಲೇ ಮೆಚ್ಚಿಕೊಂಡರು. ನಾನು ಎದ್ದು ಒಳಗೆ ಹೋದದ್ದೇ ತಡ, ಆ ಸಂಕೋಚದ ಮನುಷ್ಯ ಬಗ್ಗಿ ಮಣೆಯನ್ನೆತ್ತಿ, ತಿರುವಿ, ಬೆರಳಿನ ಗೆಣ್ಣಿನಿಂದ ಟಕಟಕ ಬಡಿದು, ಮೂಗಿಗೆ ಹಿಡಿದು, ಕಣ್ಣು ಮುಚ್ಚಿ ಮೂಸಿದರಂತೆ.

"ಇದು ಹೊನ್ನಿ ಕಟಗಿ. ನೀವು ಇದನ್ನ ಮತ್ತಿ ಅಂತ ತಿಳ್ಕೊಂಡೀರಿ, ಹೌದಿಲ್ರಿ?"

ನನ್ನ ಅಪ್ಪ ತಬ್ಬಿಬ್ಬಾಗಿ ಹೇಳಿದ: "ನಾವು ಅದನ್ನ ಮಣಿ ಅಂತ ತಿಳ್ಕೊಂಡಿದ್ವಿರಿ."

ಮದುವೆ ನಿಶ್ಚಯವಾಯಿತು.

ನರಗುಂದದಲ್ಲಿ ಗುಡ್ಡದ ಕೋಟೆಯ ಕೆಳಗೆ, ಪೇಟೆಗೆ ಹತ್ತಿರದ ಓಣಿಯಲ್ಲಿ ನಮ್ಮ ಮನೆ. ಜೋಳ, ಕಡಲೆ, ಕುಸುಬೆಯ ವ್ಯಾಪಾರ. ವ್ಯಾಪಾರ ನಡೆಸುತ್ತಿದ್ದವರು ನನ್ನ ಗಂಡ. ಹಾಗಾದರೆ ಮಾವನವರ ಉದ್ಯೋಗ? ಕಟ್ಟಿಗೆ! ಮಾರುವುದಲ್ಲ, ಕಡಿಯುವುದಲ್ಲ, ಕೆತ್ತುವುದೂ ಅಲ್ಲ. ಇದು ಯಾವ ಮರದ್ದೆಂದು ಹೇಳುವುದು. ಅಂಗಿಯ ಒಂದು ಕಿಸೆಯಲ್ಲಿ ಚಾಕು, ಇನ್ನೊಂದರಲ್ಲಿ ಭೂತಗನ್ನಡಿ ಮತ್ತು ಬೆಂಕಿಪೆಟ್ಟಿಗೆ. ತುಂಡಿನ ಅಡ್ಡಕೊಯ್ಲನ್ನು ಚಾಕುವಿನಿಂದ ನಯಮಾಡಿ ಭೂತಗನ್ನಡಿಯಲ್ಲಿ ಅದರ ತೂತುಗಳನ್ನು ನೋಡುವರು. ಒಂದು ಸಿಬಿರು ನೀರಿಗೆ ಹಾಕುವರು, ಇನ್ನೊಂದನ್ನು ಸುಟ್ಟು ಬೂದಿಯ ಬಣ್ಣ ನೋಡುವರು. ಅಷ್ಟಕ್ಕೂ ಬಗೆಹರಿಯದಿದ್ದರೆ ನೆಕ್ಕುವರು!

"ನನ್ನ ಕೈಯಡಗಿ ಹ್ಯಾಂಗಾಗೇದ ಅಂದ್ರ ಬಾಯಿ ಬಿಡೂದಿಲ್ಲ," ಎನ್ನುತ್ತಿದ್ದರು ಅತ್ತೆ. "ಹಿತ್ತಲ ಬಾಗಲದ ರುಚಿ ಕೇಳ್ರಿ, ನಿಂತ ಹೇಳ್ತಾರ."

ಅಬ್ಬಿಗೇರಿಯಲ್ಲಿ ನಮ್ಮದೊಂದು ಹೊಲವಿತ್ತು. ಅದರ ಕಾಗದಪತ್ರಕ್ಕೆಂದು ಒಮ್ಮೆ ಮಾವನವರನ್ನು ಕರೆದುಕೊಂಡು ನನ್ನ ಗಂಡ ರೋಣದ ಕಚೇರಿಗೆ ಹೋದರು. ಸಾಹೇಬರು ದಪ್ಪ ಕಾಗದದಲ್ಲಿ ತಲೆ ಹುದುಗಿಸಿದ್ದರು. ಮಾವನವರ ಕೈ ಸುಮ್ಮನಿರುತ್ತದೆಯೇ? ಮೇಜಿನ ಕಾಲನ್ನು ಬಡಿಯಿತು. ಒಂದು, ಎರಡು, ಮೂರು. ನಾಲ್ಕನೆಯದಕ್ಕೆ ಬಂದಾಗ ನಿಂತಿತು.

"ಸಾಹೇಬ್ರ, ನಿಮ್ಮ ಮೂರ ಕಾಲು ಸಾಗವಾನಿ, ಒಂದು ಮಾವು."

ಸಾಹೇಬರು ತಮ್ಮ ಕಾಲುಗಳನ್ನು ನೋಡಿಕೊಂಡರಂತೆ! ಕೆಲಸವಾಗಲಿಲ್ಲ. ಮುಂದೆ ಆ ಕಚೇರಿಗೆ ನನ್ನ ಗಂಡ ಒಬ್ಬರೇ ಹೋಗತೊಡಗಿದರು.

ನಗುವಂಥದ್ದು ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಮಾವನವರು ಎಂದೂ ತಪ್ಪುತ್ತಿರಲಿಲ್ಲ ಎಂಬುದೇ ನಮ್ಮ ಮನೆಯ ದೊಡ್ಡ ಕುತ್ತಾಯಿತು. ಬಡಿಗರು ಬಾಜಿ ಕಟ್ಟಿ ಸೋತಿದ್ದರು. ಊರಿನ ಜನ ಎತ್ತಿನ ನೊಗದಿಂದ ಹಿಡಿದು ಹಾರ್ಮೋನಿಯಂ ಪೆಟ್ಟಿಗೆಯವರೆಗೆ ತಂದು ತೋರಿಸಿ ಸೋತಿದ್ದರು. 'ನನಗೆ ಗೊತ್ತಿಲ್ಲ' ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ಅತ್ತೆಯೂ ಕೇಳಿದ್ದಿಲ್ಲ.

ನಾನು ನರಗುಂದಕ್ಕೆ ಬಂದ ಮರುವರ್ಷ ಊರ ಹೊರಗಿನ ಅರಳೆ ಕಾರಖಾನೆಗೆ ಹೊಸ ಯಂತ್ರ ಬಂತು. ಯಾವುದೋ ತಂಪು ದೇಶದಿಂದ ಹಡಗಿನಲ್ಲಿ ಮುಂಬಯಿಗೆ, ಅಲ್ಲಿಂದ ರೈಲಿನಲ್ಲಿ, ಕೊನೆಗೆ ಲಾರಿಯಲ್ಲಿ. ಒಂದೊಂದು ಭಾಗಕ್ಕೂ ಒಂದೊಂದು ಖೋಕಾ, ಅಂದರೆ ಕೋಣೆಯಷ್ಟು ದೊಡ್ಡ ಹಲಗೆಯ ಪೆಟ್ಟಿಗೆ. ಅದರ ತಳಕ್ಕೆ ಯಂತ್ರದ ಭಾರ ಹೊರುವ ದಪ್ಪ ದಪ್ಪ ಅಡಿಮರಗಳು. ಊರೆಲ್ಲ ಯಂತ್ರ ನೋಡಲು ಹೋಯಿತು; ಮಾವನವರು ಖೋಕಾ ನೋಡಲು ಹೋದರು.

ಖೋಕಾದ ಕಟ್ಟಿಗೆಗೆಲ್ಲ ನಮ್ಮ ಕಡೆಯ ಜನ ದೇವದಾರು ಎಂದೇ ಕರೆಯುವುದು. ಇದು ಮಾವನವರಿಗೆ ಸಹಿಸದ ಸಂಗತಿ. ಕಾರಖಾನೆಯ ಅಂಗಳದಲ್ಲಿ ಎಂಟು ದಿನ ಬಿಸಿಲಿನಲ್ಲಿ ಕುಳಿತು ಒಂದೊಂದು ಹಲಗೆಯನ್ನೂ ಮೂಸಿ, ರಾಳದ ವಾಸನೆ ಇದ್ದದ್ದು ಬೇರೆ, ಇಲ್ಲದ್ದು ಬೇರೆ, ಗಂಟು ಹೆಚ್ಚಿದ್ದದ್ದು ಬೇರೆ ಎಂದು ಒಟ್ಟಿದರು. ಕಾರಖಾನೆಯವರು ಬೇಡ ಎನ್ನಲಿಲ್ಲ. ಪುಕ್ಕಟೆ ಕೆಲಸ ಯಾರಿಗೆ ಬೇಡ?

ಕಟ್ಟಕಡೆಗೆ ಉಳಿದದ್ದು ಒಂದು ಅಡಿಮರ. ಎಲ್ಲಕ್ಕಿಂತ ಉದ್ದ, ಎಲ್ಲಕ್ಕಿಂತ ಭಾರ, ಯಂತ್ರದ ಎಣ್ಣೆ ಕುಡಿದು ಕಂದಾಗಿತ್ತು. ನನ್ನ ಗಂಡನಿಗೆ ಅದರ ಮೇಲೆ ಕಣ್ಣು ಬಿತ್ತು. ನಾನು ಆಗ ಮೂರು ತಿಂಗಳ ಬಸುರಿ. ಹಿತ್ತಲ ಕಡೆಗೆ, ಹಿಂದಿನ ಓಣಿಗೆ ಬಾಗಿಲಿಟ್ಟು, ಒಂದು ಕೋಣೆ ಕಟ್ಟಿಸುವ ಮಾತು ನಡೆದಿತ್ತು. ಮಾಳಿಗೆಗೆ ಒಂದು ಗಟ್ಟಿ ತೊಲೆ ಬೇಕಿತ್ತು.

ಬಡಿಗೇರ ಮುದುಕ ಅದರ ಮೇಲೆ ಉಳಿ ಆಡಿಸಿ ನೋಡಿ ತಲೆ ಕೆರೆದುಕೊಂಡ. "ಸಾವಕಾರ್ರ, ನೋಡಾಕ ಸಾಗವಾನಿ ಕಂಡ್ಹಂಗ ಕಾಣ್ತದ. ಆದ್ರ ಉಳಿ ಹೋಗೂ ಧಾಟಿ ಬ್ಯಾರೆ ಐತ್ರಿ."

ಮಾವನವರು ಮೂಸಿದರು. ಎಣ್ಣೆ ಜಿಡ್ಡು ಕೈಗೆ ಹತ್ತಿತು. ಭೂತಗನ್ನಡಿಯಲ್ಲಿ ನೋಡಿದರು, ತೂತುಗಳು ಸಾಲುಸಾಲಾಗಿ ಬಳೆಯಂತೆ ಸುತ್ತಿದ್ದವು, ಸಾಗವಾನಿಯಲ್ಲಿ ಇರುವ ಹಾಗೆಯೇ. ಸುತ್ತ ಹತ್ತು ಜನ ನಿಂತು ಇವರ ಬಾಯನ್ನೇ ನೋಡುತ್ತಿದ್ದರು.

"ಬರ್ಮಾ ಸಾಗವಾನಿ," ಎಂದರು ಮಾವನವರು.

"ಖರೇನ್ರಿ?" ಬಡಿಗೇರ ಇನ್ನೊಮ್ಮೆ ಕೇಳಿದ.

"ನಿನ್ನ ಉಳಿಗಿ ಮೂಗ ಐತೇನೋ?"

ಹತ್ತು ಜನ ನಕ್ಕರು. ಬಡಿಗೇರ ಸುಮ್ಮನಾದ. ತೊಲೆ ಗೋಡೆ ಏರಿತು. ಮೇಲೆ ಜಂತಿ, ಜಂತಿಯ ಮೇಲೆ ಹಲಗೆ, ಹಲಗೆಯ ಮೇಲೆ ಮೊಳದಷ್ಟು ದಪ್ಪ ಮಣ್ಣು. ನಮ್ಮ ಕಡೆಯ ಮಾಳಿಗೆ ಎಂದರೆ ಹಾಗೆಯೇ. ತಲೆಯ ಮೇಲೆ ಒಂದು ಸಣ್ಣ ಹೊಲ ಹೊತ್ತುಕೊಂಡು ಬಾಳುವುದು. ತೊಲೆಯ ಒಂದು ತುದಿ ಗೋಡೆಯಿಂದ ಹೊರಗೆ ಗೇಣುದ್ದ ಚಾಚಿಕೊಂಡಿತ್ತು.

ತವರಿನಲ್ಲಿ ಬಾಣಂತನ ಮಾಡುವವರು ಇರಲಿಲ್ಲವಾಗಿ ನನ್ನ ಹೆರಿಗೆ ನರಗುಂದದಲ್ಲೇ, ಆ ಹೊಸ ಕೋಣೆಯಲ್ಲೇ ಆಯಿತು. ಗಂಡುಕೂಸು. ಮೂರನೆಯ ದಿನ ಅತ್ತೆ ಕಸ ಹೊಡೆಯುವಾಗ ನೆಲದ ಮೇಲೆ ಬಿಳಿಯ ಪುಡಿ ಕಂಡಿತು, ಹಿಟ್ಟಿನಷ್ಟು ನುಣುಪು. "ಸುಣ್ಣ ಉದರಾಕ ಹತ್ತೇದ," ಎಂದು ಗುಡಿಸಿದರು. ಮರುದಿನ ಮತ್ತೆ. ಅದೇ ಜಾಗದಲ್ಲಿ, ತೊಲೆಯ ನೇರ ಕೆಳಗೆ.

ಆ ದಿನ ಮಾವನವರು ಕೂಸು ನೋಡಲು ಹೊಸ್ತಿಲ ತನಕ ಬಂದರು. ಪುಡಿ ನೋಡಿದರು. ಬಗ್ಗಿ ಬೆರಳಿಗೆ ಹಚ್ಚಿಕೊಂಡರು. ನೆಕ್ಕಿದರು.

ಆಮೇಲೆ ಆ ಮನುಷ್ಯನಿಗೆ ಏನಾಯಿತೋ! ಊಟ ಬಿಟ್ಟರು. ಗಳಿಗೆಗೊಮ್ಮೆ ಹಿತ್ತಲಿಗೆ ಹೋಗಿ ಗೋಡೆಗೆ ಕಿವಿ ಹಚ್ಚಿ ನಿಲ್ಲುವರು. ಹೊಸ್ತಿಲ ಹೊರಗೆ ಕಂಬಳಿ ಹಾಸಿಕೊಂಡು ಕುಳಿತು ಮೇಲೆಯೇ ನೋಡುವರು. "ಬಾಣಂತಿನ್ನ ಪಡಸಾಲಿಗಿ ಹಾಕ್ರಿ, ಈ ಕೋಣ್ಯಾಗ ಗಾಳಿ ಚಲೋ ಇಲ್ಲ," ಎಂದು ಅತ್ತೆಗೆ ಹೇಳಿದರು.

"ಬಾಣಂತಿಗಿ ಗಾಳಿ ಯಾಕ ಬೇಕ್ರಿ?"

"ಹಂಗಾರ ಬೆಳಕು ಚಲೋ ಇಲ್ಲ."

"ಬೆಳಕೂ ಬ್ಯಾಡ."

ಮುಂದೆ ಏನು ಹೇಳುವುದು? ಹೇಳಬೇಕಾದದ್ದು ಒಂದೇ ಮಾತಿತ್ತು. ಅದನ್ನು ಬಿಟ್ಟು ಮತ್ತೆ ಹಿತ್ತಲಿಗೆ ಹೋದರು. ಅಜ್ಜನಿಗೆ ಮೊಮ್ಮಗ ಹುಟ್ಟಿದ ಸಂತೋಷಕ್ಕೆ ತಲೆ ತಿರುಗಿದೆ ಎಂದು ಓಣಿಯಲ್ಲಿ ಸುದ್ದಿಯಾಯಿತು. ನಾನು ಕೂಸಿನ ಪಕ್ಕದಲ್ಲಿ ಅಂಗಾತ ಮಲಗಿ, ಮಾವನವರು ನೋಡುತ್ತಿದ್ದ ಕಡೆಗೇ ನೋಡುತ್ತಿದ್ದೆ. ನನಗೆ ಕಂಡದ್ದು ಕಂದುಬಣ್ಣದ ಒಂದು ತೊಲೆ, ಅದರಲ್ಲಿ ಸೂಜಿ ಚುಚ್ಚಿದಂಥ ಒಂದಷ್ಟು ತೂತು.

ತೊಟ್ಟಿಲಿಗೆ ಹಾಕುವುದು ಹದಿಮೂರನೆಯ ದಿನ ಎಂದಾಯಿತು. ಅದಕ್ಕೆ ಮೂರು ದಿನ ಮುಂಚೆ ಉತ್ತರಿ ಮಳೆ ಹಿಡಿಯಿತು. ನಮ್ಮ ಕರಿಮಣ್ಣಿನ ಎರಿ ಸೀಮೆಯಲ್ಲಿ ಅಂಥ ಜಡಿಮಳೆ ಅಪರೂಪ, ಎಲ್ಲರೂ ಹಿಗ್ಗಿದರು. ಮಾಳಿಗೆಯ ಮಣ್ಣು ಮೂರು ದಿನ ನೀರು ಕುಡಿಯಿತು. ಮಾವನವರೊಬ್ಬರೇ ಹಿಗ್ಗಲಿಲ್ಲ.

ಹದಿಮೂರನೆಯ ದಿನ ಮಧ್ಯಾಹ್ನ ಕೋಣೆಯ ತುಂಬ ಹೆಣ್ಣುಮಕ್ಕಳು. ಮೂವತ್ತು ಜನರಿಗೆ ಕಡಿಮೆಯಿರಲಿಲ್ಲ. ತೊಟ್ಟಿಲನ್ನು ತೂಗುಹಾಕಿದ್ದು ಆ ತೊಲೆಗೇ. ಪದ್ಧತಿಯ ಪ್ರಕಾರ ಮೊದಲು ರುಬ್ಬುವ ಗುಂಡುಕಲ್ಲಿಗೆ ಕೂಸಿನ ಹಾಗೆ ಕುಂಚಿಗೆ ತೊಡಿಸಿ, ಕಾಡಿಗೆ ಹಚ್ಚಿ ತೊಟ್ಟಿಲಲ್ಲಿ ಮಲಗಿಸಿದರು. ಜೋಗುಳ ಶುರುವಾಯಿತು. ಕಲ್ಲು ತೂಗಿಯಾದ ಮೇಲೆ ನನ್ನ ಮಡಿಲಿನ ಕೂಸಿನ ಸರದಿ. ತೊಟ್ಟಿಲು ಒಂದೊಂದು ಸಲ ತೂಗಿದಾಗಲೂ ಮೇಲಿನಿಂದ ಸಣ್ಣಗೆ ಪುಡಿ ಉದುರುತ್ತಿತ್ತು. ಕುಂಕುಮ ಹಚ್ಚುವ ಗದ್ದಲದಲ್ಲಿ ಅದನ್ನು ಯಾರು ನೋಡುತ್ತಾರೆ?

ಆ ಹೊತ್ತಿಗೆ ಹೊರಗೆ, ಸುರಿಯುವ ಮಳೆಯಲ್ಲಿ, ಮಾವನವರು ಮತ್ತು ಬಡಿಗೇರ ಮುದುಕ ಏಣಿ ಹಚ್ಚಿ ನಿಂತಿದ್ದರು. ಮಾವನವರೇ ಅವನ ಮನೆಗೆ ಹೋಗಿ ಕರೆತಂದಿದ್ದರಂತೆ. ಗೋಡೆಯಿಂದ ಹೊರಗೆ ಚಾಚಿದ್ದ ತೊಲೆಯ ತುದಿಗೆ ಅವನು ತೂತು ಕೊರೆಯುವ ಬೈರಿಗೆ ಇಟ್ಟು ತಿರುವಿದ. ಎರಡು ಬೆರಳಷ್ಟು ಗಟ್ಟಿ ಹೋಯಿತು. ಆಮೇಲೆ ಬೈರಿಗೆ ತಾನಾಗಿಯೇ ಹಿಡಿಯ ತನಕ ಒಳಗೆ ಇಳಿಯಿತು. ಹೊರಗೆ ಎಳೆದರೆ, ಸಾಗವಾನಿಯನ್ನು ಎಂದೂ ಮುಟ್ಟದ ಹುಳ ಕೊರೆದ ಹಿಟ್ಟು. ಒಳಗೆ ಕಟ್ಟಿಗೆಯೇ ಇರಲಿಲ್ಲ.

"ನಿನ್ನ ಉಳಿ ಖರೇ ಹೇಳಿತ್ತು," ಎಂದು ಮಾವನವರು ಹೇಳಿದ್ದನ್ನು ಬಡಿಗೇರ ಆಮೇಲೆ ಎಲ್ಲರಿಗೂ ಹೇಳಿದ. ಅಷ್ಟು ಹೇಳಿ ಓಡಿದರಂತೆ.

ಹೆಣ್ಣುಮಕ್ಕಳ ನಡುವೆ ಗಂಡಸರು ಕಾಲಿಡದ ಜಾಗಕ್ಕೆ ಮಾವನವರು ನುಗ್ಗಿದರು. ರುಮಾಲು ಬಿಚ್ಚಿ ಹೆಗಲಿಗೆ ಬಿದ್ದಿತ್ತು, ಕೈಯಲ್ಲಿ ಬೈರಿಗೆ, ಮೈಯೆಲ್ಲ ನೀರು.

"ಏಳ್ರಿ! ಎಲ್ಲಾರೂ ಹೊರಗ ನಡೀರಿ!"

ಜೋಗುಳ ನಿಂತಿತು. ಅತ್ತೆ ನಾಚಿಕೆಯಿಂದ ಕೆಂಪಾದರು. "ಏನ್ರೀ ಇದು! ಹೆಣ್ಮಕ್ಕಳ ನಡಕ ಬಂದು..."

"ತೊಲಿ ಸಾಗವಾನಿ ಅಲ್ಲ."

ಇಡೀ ಕೋಣೆ ಘೊಳ್ಳೆಂದು ನಕ್ಕಿತು. "ಯಾವದರ ಇರವಲ್ದ್ಯಾಕ್ರಿ, ಶಾಸ್ತ್ರ ಮುಗೀಲಿ, ಆಮ್ಯಾಲೆ ಮೂಸೀರಂತ!" ಎಂದಳು ಒಬ್ಬಾಕೆ. ನಾದಿನಿ ತೊಟ್ಟಿಲನ್ನು ಮತ್ತೆ ಜೀಕಿದಳು. ಮೇಲೆ ಏನೋ ಚಟ್ಟೆಂದಿತು; ನಗೆಯಲ್ಲಿ ಅದು ಮುಳುಗಿತು.

ಮಾವನವರು ನಗುವವರ ನಡುವೆ ನಿಂತು ಸುತ್ತ ನೋಡಿದರು.

"ನಾ ತಪ್ಪ ಹೇಳೇನಿ," ಎಂದರು. "ಅದು ಯಾವ ಕಟಗಿ ಅಂತ ನನಗ ಗೊತ್ತಿಲ್ಲ. ಕೇಳ್ರಿಲ್ಲೆ, ನನಗ ಗೊತ್ತಿಲ್ಲ!"

ಮತ್ತೆ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಎರಡು ವರ್ಷ ಆ ಮನೆಯಲ್ಲಿದ್ದವಳು ನಾನು. ಈ ಮನುಷ್ಯ ಊರಿಗೆ ಊರೇ ಕೇಳುವಂತೆ 'ಗೊತ್ತಿಲ್ಲ' ಎನ್ನಬೇಕಾದರೆ ಆ ತೊಲೆಯೊಳಗೆ ಏನಿರಬೇಕು? ಕೂಸನ್ನು ಎದೆಗೆ ಅವಚಿಕೊಂಡು ಎದ್ದೆ.

"ವೈನಿ, ಎಲ್ಲಿ ಹೊಂಟ್ರಿ? ಹೆಸರಿಡೂದದ!" ನಾದಿನಿ ಸೆರಗು ಹಿಡಿದಳು. ಕೊಸರಿಕೊಂಡು ನಡೆದೆ. ಬಾಣಂತಿ ಮಳೆಯಲ್ಲಿ ಹೊರಗೆ ಹೊರಟಳೆಂದರೆ ಅತ್ತೆ ಸುಮ್ಮನಿರುತ್ತಾರೆಯೇ? ಬೈಯುತ್ತ ಬೆನ್ನು ಹತ್ತಿದರು. ಅತ್ತೆ ಹೊರಟದ್ದಕ್ಕೆ ನಾದಿನಿ, ನಾದಿನಿ ಹೊರಟದ್ದಕ್ಕೆ ಉಳಿದವರು. ಕೂಸೇ ಇಲ್ಲದ ಮೇಲೆ ಒಳಗೆ ಕುಳಿತು ಯಾರನ್ನು ತೂಗುವುದು? ಹೀಗೆ ಗೊಣಗುತ್ತ, ಸೀರೆ ಎತ್ತಿಕೊಂಡು, ಎಲ್ಲರೂ ಎದುರು ಮನೆಯ ಕಟ್ಟೆ ಸೇರಿದರು.

ಎಲ್ಲರೂ ಎಂದರೆ, ಒಬ್ಬರನ್ನು ಬಿಟ್ಟು. ಓಣಿಯ ಹಿರಿಯಜ್ಜಿಗೆ ಮೊಣಕಾಲು ಹಿಡಿದಿತ್ತು. ಘುಗ್ಗರಿಯ ಬುಟ್ಟಿಯ ಪಕ್ಕ ಕುಳಿತೇ ಇದ್ದಳು. ಮಾವನವರು ಮರಳಿ ಒಳಗೆ ಹೋದರು. ನಾವು ಬಾಗಿಲು ನೋಡುತ್ತಿದ್ದೆವು. ಒಳಗಿನಿಂದ ಬೈಗುಳ ಮೊದಲು ಬಂತು, ಅಜ್ಜಿ ಆಮೇಲೆ, ಮಾವನವರ ಹೆಗಲ ಮೇಲೆ!

"ಬಿಡೋ ನನ್ನ! ನಿಮ್ಮವ್ವನ ವಾರಗಿಯಾಕಿ ನಾನು!"

"ಅದಕ್ಕ ಹೊತ್ತೀನವಾ!"

ಕಟ್ಟೆಯ ಮೇಲೆ ಇಕ್ಕಟ್ಟಾಗಿ ನಿಂತೆವು. ಮಳೆ ಸುರಿಯುತ್ತಿತ್ತು. ಕೋಣೆ ಇದ್ದ ಹಾಗೆಯೇ ಇತ್ತು. ಒಂದು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಕಳೆಯಿತು, ಇನ್ನೊಂದರಷ್ಟೂ ಕಳೆಯಿತು. ಏನೂ ಆಗಲಿಲ್ಲ. ಗುಸುಗುಸು ಶುರುವಾಯಿತು. ಕೂಸು ಅಳತೊಡಗಿತು. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಗದ್ದಲ ಕೇಳಿ ಅಂಗಡಿಯಿಂದ ಬಂದ ನನ್ನ ಗಂಡನಿಗೆ ತಡೆಯಲಾಗದ ಸಿಟ್ಟು ಬಂತು.

"ನಿಂತದಲ್ಲಪ್ಪಾ! ಐದಾರ ತಿಂಗಳ ಮಾತ ಅಲ್ಲ, ಇನ್ನೂ ನೂರ ವರ್ಷ ನಿಂದರ್ತದ. ಮಂದ್ಯಾಗ ಮರ್ಯಾದಿ ಕಳದ್ರಿ. ನಾ ಹೋಗಿ ತೊಟ್ಲಾ ತರ್ತೀನಿ, ಇಲ್ಲೇ ಹಾಕ್ರಿ."

ಹೇಳಿದವರೇ ನಡೆದರು. ಮಾವನವರು ಹಿಂದಿನಿಂದ ಅಂಗಿ ಹಿಡಿದರು. ನನ್ನ ಗಂಡ ಕೊಡವಿಕೊಂಡರು. ಮಾವನವರು ಎರಡೂ ಕೈಯಿಂದ ಸೊಂಟ ತಬ್ಬಿದರು. ಐವತ್ತು ದಾಟಿದ ತಂದೆ, ಇಪ್ಪತ್ತೈದರ ಮಗ, ಮಳೆಯಲ್ಲಿ, ಊರೆಲ್ಲ ನೋಡುತ್ತಿರುವಾಗ ಕುಸ್ತಿ! ಮಗ ಗೆದ್ದ. ಹೊಸ್ತಿಲಿಗೆ ಒಂದೇ ಹೆಜ್ಜೆ ಉಳಿದಿತ್ತು.

ದೊಡ್ಡ ಸಪ್ಪಳವೇನೂ ಆಗಲಿಲ್ಲ. ಹಿಟ್ಟಿನ ಚೀಲ ಒಡೆದಂತೆ ಉಸ್ಸೆಂದಿತು, ಅಷ್ಟೇ. ಆಮೇಲೆ ನೆಲ ನಡುಗಿತು.

ಧೂಳು ಮಳೆಗೆ ಬೇಗ ಅಡಗಿತು. ಕೋಣೆ ಇದ್ದಲ್ಲಿ ಗೋಡೆಯ ತನಕ ಹಸಿ ಮಣ್ಣು. ನನ್ನ ಗಂಡ ಹೊಸ್ತಿಲ ಈಚೆ ಕುಸಿದು ಕುಳಿತಿದ್ದರು. ಕಾಲಿನ ಮೇಲೆ ಮಣ್ಣು ಬಿದ್ದಿತ್ತು, ಗಾಯವಿರಲಿಲ್ಲ. ಅವರ ಮುಂದೆ ತೊಟ್ಟಿಲ ಚೂರು. ಅದರ ಪಕ್ಕದಲ್ಲಿ, ಕುಂಚಿಗೆ ತೊಟ್ಟುಕೊಂಡು, ಕೆಸರಿನಲ್ಲಿ ಮುಖ ಕೆಳಗಾಗಿ ಬಿದ್ದಿತ್ತು ಗುಂಡುಕಲ್ಲು. ಅದು ಕಲ್ಲೆಂದು ಎಲ್ಲರಿಗೂ ಗೊತ್ತು. ಕೂಸು ನನ್ನ ತೋಳಿನಲ್ಲಿ ಅಳುತ್ತಿರುವುದೂ ಎಲ್ಲರಿಗೂ ಕೇಳುತ್ತಿತ್ತು. ಆದರೂ ಆ ಪುಟ್ಟ ಕುಂಚಿಗೆ ನೋಡಿ ಅತ್ತೆ ಕಿರುಚಿದ ಕಿರುಚು ಇಂದಿಗೂ ನನ್ನ ಕಿವಿಯಲ್ಲಿದೆ. ಯಾರೂ ಆಮೇಲೆ ನಗಲಿಲ್ಲ.

ಹೆಸರಿಟ್ಟದ್ದು ಎದುರು ಮನೆಯ ಪಡಸಾಲೆಯಲ್ಲಿ, ಎರಡು ಮೊರ ಜೋಡಿಸಿ ಅದರ ಮೇಲೆ ಕೂಸು ಮಲಗಿಸಿ. ನಾದಿನಿ ಕಿವಿಯಲ್ಲಿ ಹೆಸರು ಹೇಳುವಾಗ ಅವಳ ಹಲ್ಲು ಕಟಕಟ ಎನ್ನುತ್ತಿದ್ದವು. ಮಾವನವರು ಅಲ್ಲಿರಲಿಲ್ಲ. ಎಲ್ಲರೂ ಅವರನ್ನು ಹೊಗಳಲು ಹುಡುಕುತ್ತಿದ್ದರು. 'ಏನು ಮೂಗು! ಸಾವಿನ ವಾಸನೆ ಹಿಡಿದ ಮೂಗು!' ಎಂದು ಓಣಿಯೆಲ್ಲ ಆಡಿಕೊಳ್ಳುತ್ತಿತ್ತು.

ಸಂಜೆ ಮಳೆ ನಿಂತಿತು. ಹೆಂಗಸರು ತಂತಮ್ಮ ಮನೆಗೆ ಹೋಗಿದ್ದರು, ಅತ್ತೆ ಕಷಾಯ ಕಾಸಲು ಒಳಗಿದ್ದರು. ಮಾವನವರು ಬಾಗಿಲಲ್ಲಿ ಬಂದು ನಿಂತರು. ಆಗಿನ ಕಾಲಕ್ಕೆ ಸೊಸೆ ಮಾವನ ಎದುರು ನಿಂತು ಮಾತಾಡುವ ವಾಡಿಕೆಯಿರಲಿಲ್ಲ; ಎರಡು ವರ್ಷದಲ್ಲಿ ನಾವು ಒಬ್ಬರಿಗೊಬ್ಬರು ಒಂದು ಶಬ್ದ ಆಡಿದ್ದಿಲ್ಲ. ಏನು ಬೇಕಾದರೂ ಅತ್ತೆಯ ಮೂಲಕವೇ. ನಾನು ಸೆರಗು ಎಳೆದುಕೊಂಡು ಏಳಹೋದೆ.

"ಏಳಬ್ಯಾಡ ತಂಗಿ." ಅವರು ನೆಲದ ಮೇಲೆ, ದೂರದಲ್ಲಿ ಕುಳಿತರು. ನೆಲ ನೋಡುತ್ತಲೇ ಹೇಳಿದರು:

"ಮಂದಿ ನನ್ನ ಶ್ಯಾಣ್ಯಾ ಅನ್ಲಿಕತ್ತಾರ. ನಾಕನೇ ದಿನಕ್ಕ ನನಗ ಸಂಶೇ ಬಂದಿತ್ತವಾ. ಒಂಬತ್ತ ದಿನ ನೀನು, ಕೂಸು ಅದರ ಕೆಳಗ ಮಲಗಿದ್ರಿ. ಮಂದಿ ನಗ್ತಾರಂತ ನಾ ಬಾಯಿ ಬಿಡಲಿಲ್ಲ. ಒಂಬತ್ತ ದಿನ ಬಾಯಿ ಬಿಡಲಿಲ್ಲವಾ ನಾನು."

ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡರು.

ನನಗೆ ಸಿಟ್ಟು ಬರಬೇಕಿತ್ತೋ ಏನೋ. ಬಂದಿದ್ದರೆ ತಪ್ಪಿರಲಿಲ್ಲ. ಆದರೆ ಮೂವತ್ತು ಜನ ನಗುತ್ತಿರುವಾಗ ಬೈರಿಗೆ ಹಿಡಿದು ನಡುಗುತ್ತ ನಿಂತ ಆ ಮುಖ ನನ್ನ ಕಣ್ಣ ಮುಂದಿತ್ತು. ಎದ್ದು ಹೋಗಿ ಕೂಸನ್ನು ಅವರ ಮಡಿಲಿಗೆ ಹಾಕಿದೆ. ಬಾಯಿಗೆ 'ಮಾವಾರ' ಎಂದು ಬರಬೇಕಿತ್ತು.

"ಇವತ್ತ ಬಾಯಿ ಬಿಟ್ರಲ್ಲಾ, ಅಪ್ಪಾ," ಎಂದೆ.